ಕುರ್ಚಿ ಇಲ್ಲದ ಹೋಟೆಲಿನ ನಕ್ಷೆ

(ನಗರ ಮತ್ತು ನಿತ್ಯಜೀವನ ಕುರಿತ ಉಪನ್ಯಾಸವೊಂದರ ಬರಹ ರೂಪ)



ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಪದೇ ಪದೇ ಕಾಣುವ ದೃಶ್ಯವೊಂದಿದೆ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಜಯನಗರದಲ್ಲೋ ಒಂದು ಹಳೆಯ ಮನೆ. ಅದರ ಎಡಕ್ಕೂ ಬಲಕ್ಕೂ ಆಗಲೇ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳು ಎದ್ದಿವೆ. ಒಂದು ಬೆಳಿಗ್ಗೆ ಆ ಮನೆಯ ಮುಂದೆ ತಗಡಿನ ಮರೆ ಬರುತ್ತದೆ. ಸ್ವಲ್ಪ ದಿನಗಳಲ್ಲಿ ಮನೆ ನೆಲಸಮವಾಗಿ, ಎರಡು ಗೋಡೆಗಳ ನಡುವೆ 30 ಅಡಿ ಅಗಲ, 40 ಅಡಿ ಉದ್ದದ ಬಯಲು ಉಳಿಯುತ್ತದೆ. ಇಲ್ಲಿ ಏನು ಬರಬಹುದೆಂದು ಬೀದಿಯವರು ಊಹಿಸುತ್ತಾರೆ. ಔಷಧಿ ಅಂಗಡಿ ಎನ್ನುವವರುಂಟು, ಬಟ್ಟೆ ಅಂಗಡಿ ಎನ್ನುವವರುಂಟು. ಅನೇಕ ಸಲ ಬರುವುದು ಹೋಟೆಲು. ಅದೂ ಟೋಕನ್ ಕೊಂಡು, ತಟ್ಟೆ ತಾವೇ ತೆಗೆದುಕೊಂಡು, ನಿಂತು ತಿಂದು ಹೋಗುವ ದರ್ಶಿನಿ.

ಹೋಟೆಲಿನ ವಿಷಯ ಬಂದರೆ ಎಲ್ಲರೂ ರುಚಿಯ ಮಾತನಾಡುತ್ತಾರೆ. ಯಾವ ಹೋಟೆಲಿನ ದೋಸೆ ಗರಿಗರಿ, ಎಲ್ಲಿಯ ಚಟ್ನಿ ನೀರು ನೀರು ಎಂಬ ಬಗ್ಗೆ ಊರಿನಲ್ಲಿ ತಜ್ಞರಿಗೆ ಕೊರತೆಯಿಲ್ಲ. ನಕ್ಷೆಯ ಮಾತನ್ನು ಆಡುವವರು ಕಡಿಮೆ. ಆದರೆ ಬಾಗಿಲು ಎಲ್ಲಿ, ಒಲೆ ಎಲ್ಲಿ, ಕುರ್ಚಿ ಬೇಕೆ ಬೇಡವೆ ಎಂದು ಕಾಗದದ ಮೇಲೆ ಗೆರೆ ಎಳೆಯುವಾಗಲೇ ಇನ್ನೂ ಕೆಲವು ಸಂಗತಿಗಳು ಇತ್ಯರ್ಥವಾಗಿಬಿಡುತ್ತವೆ. ಕಾಫಿಗೆ ಎಷ್ಟು ಬೆಲೆ, ಯಾರು ಒಳಗೆ ಬರಬಹುದು, ಯಾರ ಪಕ್ಕದಲ್ಲಿ ಯಾರು ತಿನ್ನುತ್ತಾರೆ ಎಂಬುದೆಲ್ಲ ಆ ಗೆರೆಗಳಲ್ಲಿಯೇ ಇರುತ್ತದೆ. ಇಂದಿನ ಮಾತು ಅದರ ಬಗ್ಗೆ.

ಪಂಕ್ತಿಯ ಕಾಲ

ದರ್ಶಿನಿಯ ನಕ್ಷೆ ಅರ್ಥವಾಗಬೇಕಾದರೆ ಅದಕ್ಕಿಂತ ಹಿಂದಿನ ಹೋಟೆಲನ್ನು ನೋಡಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉಡುಪಿ ಸೀಮೆಯಿಂದ ಹೊರಟ ಅನೇಕ ಕುಟುಂಬಗಳು ಮದರಾಸು, ಮುಂಬಯಿ, ಮೈಸೂರು, ಬೆಂಗಳೂರುಗಳಲ್ಲಿ ಹೋಟೆಲು ತೆರೆದವು. ಹೊರಗೆ ತಿನ್ನುವುದೇ ಮೈಲಿಗೆ ಎಂದು ಭಾವಿಸಿದ್ದ ಸಮಾಜವದು. ಅಡುಗೆ ಮಾಡುವವರು ಯಾರು ಎಂಬುದನ್ನು ಫಲಕದಲ್ಲಿ ಬರೆದು ಗಿರಾಕಿಗಳಿಗೆ ಧೈರ್ಯ ಹೇಳಬೇಕಾಗಿತ್ತು. ಬ್ರಾಹ್ಮಣರ ಹೋಟೆಲು, ಬ್ರಾಹ್ಮಣರ ಕಾಫಿ ಕ್ಲಬ್ಬು ಎಂಬ ಫಲಕಗಳು ಆ ಕಾಲದವು. ಇಂದು ಎಂ.ಟಿ.ಆರ್. ಎಂದು ಎಲ್ಲರಿಗೂ ಗೊತ್ತಿರುವ ಮಾವಳ್ಳಿ ಟಿಫಿನ್ ರೂಮ್ಸ್ ಸಹ 1924ರಲ್ಲಿ ಮಯ್ಯ ಸಹೋದರರು ಆರಂಭಿಸಿದಾಗ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರನ್ನೇ ಹೊತ್ತಿತ್ತು.

ಊಟದ ಮನೆಯಲ್ಲಿ ಪಂಕ್ತಿ ಇದ್ದಂತೆ ಹೋಟೆಲಿನಲ್ಲೂ ಪಂಕ್ತಿ ಬಂತು. ಪಂಕ್ತಿ ಇದ್ದಲ್ಲಿ ಪಂಕ್ತಿಭೇದವೂ ಬಂತು. ಒಳಗಿನ ಕೋಣೆ ಕೆಲವರಿಗೆ, ಹೊರಗಿನ ಪಡಸಾಲೆ ಮತ್ತೆ ಕೆಲವರಿಗೆ, ಇನ್ನು ಕೆಲವರಿಗೆ ಹೊಸ್ತಿಲೂ ಇಲ್ಲ. ಇದು ಯಾರೋ ಒಬ್ಬ ಮಾಲೀಕನ ಕೆಟ್ಟತನವಾಗಿರಲಿಲ್ಲ. ಕಟ್ಟಡದ ಗೋಡೆಗಳಲ್ಲಿಯೇ ಅದು ಸೇರಿಹೋಗಿತ್ತು. ಹಳ್ಳಿಗಳ ಚಹದಂಗಡಿಗಳಲ್ಲಿ ಗೋಡೆ ಕಟ್ಟುವಷ್ಟು ಜಾಗವಿಲ್ಲದಾಗ ಅದೇ ಕೆಲಸವನ್ನು ಬೇರೆ ಲೋಟಗಳು ಮಾಡಿದವು.

ಸಂವಿಧಾನ ರಚಿಸಿದವರಿಗೆ ಹೋಟೆಲು ಸಣ್ಣ ವಿಷಯವೆಂದು ತೋರಲಿಲ್ಲ ಎಂಬುದು ಗಮನಾರ್ಹ. ಹದಿನೈದನೆಯ ವಿಧಿಯ ಎರಡನೆಯ ಖಂಡದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳಿಗೆ ಪ್ರವೇಶವನ್ನು ಜಾತಿ, ಧರ್ಮ, ಲಿಂಗ, ಹುಟ್ಟಿದ ಸ್ಥಳಗಳ ಕಾರಣದಿಂದ ಯಾರಿಗೂ ತಪ್ಪಿಸುವಂತಿಲ್ಲ ಎಂದು ಹೆಸರಿಟ್ಟು ಹೇಳಿದರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಮುಂದೆ ಹೋಗಿ, ಹೋಟೆಲಿನಲ್ಲಿಟ್ಟ ಪಾತ್ರೆಗಳ ಬಳಕೆಯನ್ನು ನಿರಾಕರಿಸುವುದೂ ಅಪರಾಧವೆಂದಿತು. 1976ರಲ್ಲಿ ಅದೇ ಕಾಯಿದೆಗೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರು ಬಂತು. ಕಾನೂನು ಬಾಗಿಲನ್ನು ತೆರೆಸಿತು. ಆದರೆ ಒಳಗಿನ ಕೋಣೆಗಳು ಹಾಗೆಯೇ ಉಳಿದಿದ್ದವು. ಹೆಂಗಸರಿಗೆಂದು ಪರದೆ ಎಳೆದ ಫ್ಯಾಮಿಲಿ ರೂಮುಗಳು ಎಷ್ಟೋ ಊರುಗಳ ಹೋಟೆಲುಗಳಲ್ಲಿ ಬಹಳ ಕಾಲ ನಡೆದವು.

ಈ ನಡುವೆ ಒಂದು ಸಣ್ಣ ಬದಲಾವಣೆಯನ್ನು ನೆನೆಯಬೇಕು. ಎಂ.ಟಿ.ಆರ್.ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪ್ ಪ್ರವಾಸ ಮಾಡಿ, ಅಲ್ಲಿಯ ಉಪಾಹಾರಗೃಹಗಳ ಶುಚಿತ್ವವನ್ನು ನೋಡಿ ಬಂದರು. ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಗೊಳಿಸುವುದು, ಗಿರಾಕಿಗಳಿಗೆ ಅಡುಗೆಮನೆಯನ್ನು ತೋರಿಸಿಯೇ ಒಳಗೆ ಕಳಿಸುವುದು ಅವರ ಹೋಟೆಲಿನ ಪದ್ಧತಿಯಾಯಿತು. ಅಲ್ಲಿಯವರೆಗೆ ಅಡುಗೆ ಮಾಡುವವರ ಜಾತಿ ಶುಚಿತ್ವಕ್ಕೆ ಜಾಮೀನಾಗಿತ್ತು. ಇನ್ನು ಮುಂದೆ ಗಿರಾಕಿಯ ಕಣ್ಣೇ ಜಾಮೀನು ಎಂಬ ಸೂಚನೆ ಆ ಪದ್ಧತಿಯಲ್ಲಿತ್ತು. ದರ್ಶಿನಿಯ ಬೀಜ ಇಲ್ಲಿದೆ.

ಟೆನಿಸ್ ಅಂಗಳದಲ್ಲಿ ಸೀಮೆಸುಣ್ಣ

ಇನ್ನೊಂದು ಬೀಜ ಬಹಳ ದೂರದ್ದು. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಎಂಬ ಊರಿನಲ್ಲಿ ರಿಚರ್ಡ್ ಮತ್ತು ಮಾರಿಸ್ ಮೆಕ್‌ಡೊನಾಲ್ಡ್ ಎಂಬ ಸಹೋದರರು 1940ರಿಂದ ಒಂದು ಹೋಟೆಲು ನಡೆಸುತ್ತಿದ್ದರು. ಕಾರುಗಳ ಬಳಿಗೇ ಹುಡುಗಿಯರು ತಿಂಡಿ ತಂದುಕೊಡುವ ಹೋಟೆಲದು. ವ್ಯಾಪಾರ ಚೆನ್ನಾಗಿಯೇ ಇತ್ತು. ಆದರೂ 1948ರಲ್ಲಿ ಅವರು ಅದನ್ನು ಕೆಲವು ತಿಂಗಳು ಮುಚ್ಚಿದರು. ತಿಂಡಿಗಳ ಪಟ್ಟಿಯನ್ನು ಇಪ್ಪತ್ತೈದರಿಂದ ಒಂಬತ್ತಕ್ಕೆ ಇಳಿಸಿದರು. ಬಡಿಸುವವರನ್ನು ತೆಗೆದುಹಾಕಿ, ಗಿರಾಕಿಯೇ ಕಿಟಕಿಯ ಬಳಿ ಬಂದು ಕೊಳ್ಳಬೇಕೆಂದರು. ಅನಂತರ ಟೆನಿಸ್ ಆಡುವ ಅಂಗಳದ ಮೇಲೆ ಸೀಮೆಸುಣ್ಣದಿಂದ ಅಡುಗೆಮನೆಯ ನಕ್ಷೆಯನ್ನು ಅದರ ನಿಜವಾದ ಅಳತೆಯಲ್ಲಿಯೇ ಬರೆದರು. ಕೆಲಸದವರನ್ನು ಆ ಗೆರೆಗಳ ನಡುವೆ ಓಡಾಡಿಸಿದರು. ಯಾರ ಕೈ ಯಾರಿಗೆ ತಗಲುತ್ತದೆ, ಯಾವ ಹೆಜ್ಜೆ ದಂಡ ಎಂದು ನೋಡಿ ಒಲೆಯ ಜಾಗವನ್ನು ಅಳಿಸಿ, ಮತ್ತೆ ಬರೆದು ಗೊತ್ತುಮಾಡಿದರು. ಮುಂದೆ ಲೋಕವೆಲ್ಲ ಫಾಸ್ಟ್ ಫುಡ್ ಎಂದು ಕರೆದ ವ್ಯವಸ್ಥೆಗೆ ಅಡಿಪಾಯ ಆ ಗೆರೆಗಳು. ಹೊಸ ತಿಂಡಿಯನ್ನು ಅವರು ಕಂಡುಹಿಡಿಯಲಿಲ್ಲ, ಹೆಜ್ಜೆಗಳನ್ನು ಎಣಿಸಿದರು.

ಬೆಂಗಳೂರಿನಲ್ಲಿ ಇಂಥ ಎಣಿಕೆ ನಡೆದದ್ದು 1980ರ ದಶಕದಲ್ಲಿ. ಆರ್. ಪ್ರಭಾಕರ್ ಅವರು 1983ರಲ್ಲಿ ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿಯನ್ನು ಈ ಬಗೆಯ ಹೋಟೆಲುಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ದರ್ಶನ ಎಂದರೆ ನೋಟ. ಹೆಸರಿಗೆ ತಕ್ಕಂತೆ ಅಡುಗೆಮನೆ ಎದುರಿಗೇ ಕಾಣುತ್ತದೆ. ಸಪ್ಲೈಯರ್ ಇಲ್ಲ, ಮೊದಲೇ ಹಣ ಕೊಡಬೇಕು, ಕುರ್ಚಿ ಇಲ್ಲ. ಕೆಲವೇ ವರ್ಷಗಳಲ್ಲಿ ಆ ಹೆಸರು ಒಂದು ಹೋಟೆಲಿನದಾಗಿ ಉಳಿಯದೆ, ಒಂದು ಜಾತಿಯ ಹೋಟೆಲುಗಳಿಗೆಲ್ಲ ಹೆಸರಾಯಿತು.

ಕುರ್ಚಿಯ ಲೆಕ್ಕ

ಕುರ್ಚಿಯನ್ನೇಕೆ ತೆಗೆದರು? ಉತ್ತರ ನಿವೇಶನದ ಅಳತೆಯಲ್ಲಿದೆ. 30 ಅಡಿಗೆ 40 ಅಡಿ ಎಂದರೆ 1200 ಚದರ ಅಡಿ. ಅದರಲ್ಲಿ ರಸ್ತೆಗೆ ಬಿಡಬೇಕಾದ ಜಾಗ, ಅಡುಗೆಮನೆ, ಉಗ್ರಾಣ, ಪಾತ್ರೆ ತೊಳೆಯುವ ಜಾಗಗಳನ್ನು ಕಳೆದು, ಗಿರಾಕಿಗಳಿಗೆ 480 ಚದರ ಅಡಿ ಉಳಿಯಿತೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಕುಳಿತು ತಿನ್ನುವವನಿಗೆ ಕುರ್ಚಿ, ಮೇಜು, ಓಡಾಡುವ ದಾರಿ ಸೇರಿ ಸುಮಾರು 15 ಚದರ ಅಡಿ ಬೇಕು. ಅಂದರೆ 32 ಜನ. ಕುಳಿತವನು ಅರ್ಧ ಗಂಟೆ ಏಳುವುದಿಲ್ಲ. ಗಂಟೆಗೆ 64 ಜನರಾಯಿತು. ಎದೆಯೆತ್ತರದ ಮೇಜಿನ ಬಳಿ ನಿಂತು ತಿನ್ನುವವನಿಗೆ 6 ಚದರ ಅಡಿ ಸಾಕು. ಅಂದರೆ 80 ಜನ. ಅವನು ಹನ್ನೆರಡು ನಿಮಿಷದಲ್ಲಿ ಜಾಗ ಬಿಡುತ್ತಾನೆಂದರೆ ಗಂಟೆಗೆ 400 ಜನ. ಅದೇ ಬಾಡಿಗೆ, ಅದೇ ಗೋಡೆ. ಗಿರಾಕಿಗಳು ಮಾತ್ರ ಆರು ಪಟ್ಟು. ಬಾಡಿಗೆಯನ್ನು ಆರು ಪಟ್ಟು ಜನ ಹಂಚಿಕೊಂಡರೆ ಇಡ್ಲಿಯ ಬೆಲೆ ತಾನಾಗಿ ಇಳಿಯುತ್ತದೆ. ದರ್ಶಿನಿ ಅಗ್ಗವಾದದ್ದು ಮಾಲೀಕರ ಔದಾರ್ಯದಿಂದಲ್ಲ, ಈ ಭಾಗಾಕಾರದಿಂದ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಜಾಗ 400 ಜನಕ್ಕಿದ್ದರೂ ಒಲೆ ಅಷ್ಟು ಜನಕ್ಕೆ ಬಡಿಸಬೇಕಲ್ಲ! ಒಂದು ಕಾವಲಿಯ ಮೇಲೆ ಒಮ್ಮೆಗೆ ಹನ್ನೆರಡು ದೋಸೆ, ಒಂದು ಸರದಿಗೆ ಐದು ನಿಮಿಷ ಎಂದರೆ ಗಂಟೆಗೆ 144 ದೋಸೆ. ಎಲ್ಲರೂ ದೋಸೆಯನ್ನೇ ಕೇಳಿದರೆ ದರ್ಶಿನಿಯ ಲೆಕ್ಕ ಕುಸಿಯುತ್ತದೆ. ಆದ್ದರಿಂದಲೇ ಪಟ್ಟಿಯಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಬಿಸಿಬೇಳೆಬಾತ್ ಇರಲೇಬೇಕು. ಅವು ಮೊದಲೇ ಆಗಿರುತ್ತವೆ, ಬಡಿಸುವುದಷ್ಟೇ ಕೆಲಸ. ಕಾಫಿಯ ಡಿಕಾಕ್ಷನ್ ಸಹ ಮೊದಲೇ ಇಳಿದಿರುತ್ತದೆ. ಹಾಗೆ ನೋಡಿದರೆ ಈ ವೇಗದ ತಿಂಡಿಯಷ್ಟು ನಿಧಾನದ ತಿಂಡಿ ಇನ್ನೊಂದಿಲ್ಲ. ಅಕ್ಕಿ ಬೇಳೆ ನೆನೆದದ್ದು ಹಿಂದಿನ ದಿನ, ಹಿಟ್ಟು ಹುದುಗಿದ್ದು ರಾತ್ರಿಯೆಲ್ಲ. ಗಿರಾಕಿಗೆ ಎರಡು ನಿಮಿಷದಲ್ಲಿ ಸಿಗುವ ಇಡ್ಲಿಯ ಹಿಂದೆ ಹದಿನಾರು ಹದಿನೆಂಟು ಗಂಟೆಗಳ ಕೆಲಸವಿದೆ. ನಕ್ಷೆಯಲ್ಲಿ ಹಿಟ್ಟಿಗೂ ಒಂದು ರಾತ್ರಿಯ ವಾಸಕ್ಕೆ ಜಾಗ ಕೊಡಬೇಕು.

ರಸ್ತೆಯಿಂದ ಹಿತ್ತಿಲವರೆಗೆ

ಎರಡು ಕಟ್ಟಡಗಳ ನಡುವಿನ ನಿವೇಶನದ ತೊಂದರೆಯೆಂದರೆ ಅದಕ್ಕೆ ಒಂದೇ ಮುಖ. ಎಡಬಲಗಳಲ್ಲಿ ನೆರೆಯವರು ಒತ್ತಿಕೊಂಡಿರುವುದರಿಂದ ಅಲ್ಲಿ ಕಿಟಕಿ ಇಟ್ಟು ಫಲವಿಲ್ಲ. ಗಾಳಿ, ಬೆಳಕು, ಗಿರಾಕಿ, ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ಕಸ ಎಲ್ಲವೂ ಒಂದೇ ಕಡೆಯಿಂದ ಬಂದು ಹೋಗಬೇಕು. ಆದ್ದರಿಂದ ನಕ್ಷೆ ಮಾಡುವವನು ಮೊದಲು ಗಿರಾಕಿಯ ನಡೆಯನ್ನು ಗೆರೆಯಾಗಿ ಎಳೆಯುತ್ತಾನೆ. ಟೋಕನ್ ಕೊಡುವ ಗಲ್ಲಾ ಬಾಗಿಲ ಬಳಿ. ಅಲ್ಲಿಂದ ತಿಂಡಿಯ ಕೌಂಟರ್. ಕಾಫಿ ಕೌಂಟರ್ ಬೇರೆ ಮೂಲೆಯಲ್ಲಿ, ಏಕೆಂದರೆ ಕಾಫಿಗೆ ಮಾತ್ರ ಬರುವವರು ಬಹಳ, ಅವರು ದೋಸೆಯ ಸಾಲಿನಲ್ಲಿ ಸಿಕ್ಕಿಕೊಳ್ಳಬಾರದು. ನಡುವೆ ಮೇಜುಗಳು. ತಟ್ಟೆ ಹಾಕುವ ತೊಟ್ಟಿ, ಕೈ ತೊಳೆಯುವ ನಲ್ಲಿ ಹೊರಹೋಗುವ ದಾರಿಯಲ್ಲಿ. ಬಿಸಿ ಕಾಫಿ ಹಿಡಿದು ಬರುವವನೂ ಎಂಜಲು ತಟ್ಟೆ ಹಿಡಿದು ಹೋಗುವವನೂ ಎದುರುಬದುರಾಗಬಾರದು ಎಂಬುದೇ ಈ ನಕ್ಷೆಯ ಮೊದಲ ಪಾಠ.

ದೋಸೆಯ ಕಾವಲಿ ರಸ್ತೆಗೆ ಕಾಣುವಂತಿದ್ದರೆ ಅದೇ ಜಾಹೀರಾತು. ಹಿಂದಿನ ಭಾಗದಲ್ಲಿ ಗ್ರೈಂಡರು, ಸಾಂಬಾರಿನ ದೊಡ್ಡ ಪಾತ್ರೆಗಳು, ತೊಳೆಯುವ ಕಟ್ಟೆ. ಇಲ್ಲಿಂದ ನೆರೆಹೊರೆಯವರ ಕತೆ ಶುರು. ಹೊಗೆ ಕೊಳವೆ ಪಕ್ಕದ ಕಟ್ಟಡಕ್ಕಿಂತ ಎತ್ತರಕ್ಕೆ ಹೋಗದಿದ್ದರೆ ಒಗ್ಗರಣೆಯ ಘಾಟು ಮೇಲಿನ ಮನೆಯ ಮಲಗುವ ಕೋಣೆಗೆ ಹೋಗುತ್ತದೆ. ಗ್ರೈಂಡರು ಹಂಚಿಕೊಂಡ ಗೋಡೆಗೆ ತಾಗಿದ್ದರೆ ಬೆಳಗಿನ ನಾಲ್ಕು ಗಂಟೆಗೆ ಆ ಗೋಡೆ ಗುಂಯ್‌ಗುಡುತ್ತದೆ. ಎಣ್ಣೆ ಜಿಡ್ಡನ್ನು ತಡೆಯುವ ಗುಂಡಿ ಇಲ್ಲದೆ ನೀರನ್ನು ಚರಂಡಿಗೆ ಬಿಟ್ಟರೆ ಇಡೀ ಬೀದಿಯ ಚರಂಡಿ ಕಟ್ಟುತ್ತದೆ. ಸಿಲಿಂಡರುಗಳನ್ನು ಗಾಳಿಯಾಡದ ನೆಲಮಾಳಿಗೆಯಲ್ಲಿಟ್ಟರೆ ಸೋರಿದ ಅನಿಲ ಗಾಳಿಗಿಂತ ಭಾರವಾದ್ದರಿಂದ ಕೆಳಗೇ ನಿಂತು ಅನಾಹುತಕ್ಕೆ ಕಾಯುತ್ತದೆ. ಒಳಗೆ ಉಳಿಸಿದ ಜಾಗವನ್ನು ಹೊರಗೆ ಕಬಳಿಸುವುದೂ ಉಂಟು. ಎಂಬತ್ತು ಜನ ನಿಲ್ಲುವ ಹೋಟೆಲಿಗೆ ಮೂವತ್ತು ಸ್ಕೂಟರುಗಳು ಬಂದರೆ ಅವು ನಿಲ್ಲುವುದು ಫುಟ್‌ಪಾತಿನ ಮೇಲೆ. ಆಗ ನಡೆದು ಹೋಗುವವನು ರಸ್ತೆಗಿಳಿಯಬೇಕು. ಅಗ್ಗದ ಕಾಫಿಯ ಒಂದು ಭಾಗದ ಬೆಲೆಯನ್ನು ಕಾಫಿ ಕುಡಿಯದವರು ತೆರುತ್ತಾರೆ.

ಒಂದೇ ಮೇಜು

ಇಷ್ಟೆಲ್ಲ ಇದ್ದರೂ ದರ್ಶಿನಿ ಒಂದು ದೊಡ್ಡ ಕೆಲಸ ಮಾಡಿತು. ಕುರ್ಚಿ ಹೋದಾಗ ಅದರ ಜೊತೆಗೆ ಪಂಕ್ತಿಯೂ ಹೋಯಿತು. ಒಂದೇ ಕೋಣೆಯಲ್ಲಿ ಒಳಗು ಹೊರಗು ಎಂಬುದಿಲ್ಲ. ತಟ್ಟೆಗಳೆಲ್ಲ ಒಂದೇ ಅಟ್ಟಿಯಿಂದ ಬರುತ್ತವೆ. ಹಿಂದಿನ ಸಲ ಅದರಲ್ಲಿ ಯಾರು ತಿಂದರೆಂದು ಕೇಳುವವರಿಲ್ಲ. ಬ್ಯಾಂಕಿನ ಅಧಿಕಾರಿ, ಆಟೋ ಚಾಲಕ, ಕಾಲೇಜಿನ ಹುಡುಗಿ, ಗಾರೆ ಕೆಲಸದವನು ಒಂದೇ ದುಂಡು ಮೇಜಿನ ಸುತ್ತ ನಿಂತು, ಒಂದೇ ಸಾಂಬಾರಿನಲ್ಲಿ ಇಡ್ಲಿ ಅದ್ದುತ್ತಾರೆ. ಒಂಟಿ ಹೆಂಗಸು ಪರದೆಯ ಮರೆಯಿಲ್ಲದೆ ಕಾಫಿ ಕುಡಿದು ಹೋಗುವುದು ಇಲ್ಲಿ ಸಹಜ. ಜಾತಿ ಭೇದವನ್ನು ದರ್ಶಿನಿ ಅಳಿಸಿತೆಂದರೆ ಅತಿಶಯೋಕ್ತಿಯಾದೀತು. ಆದರೆ ಅದು ಕುಳಿತುಕೊಳ್ಳಲು ಆ ಕಟ್ಟಡದಲ್ಲಿ ಜಾಗ ಉಳಿಯಲಿಲ್ಲ ಎನ್ನಬಹುದು.

1995ರ ಜೂನ್ ತಿಂಗಳಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಅಮೆರಿಕದ ಕೆಂಟಕಿ ಫ್ರೈಡ್ ಚಿಕನ್ ಮಳಿಗೆ ತೆರೆದಾಗ ನಾಡಿನಲ್ಲಿ ದೊಡ್ಡ ಚರ್ಚೆ ಎದ್ದಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ಅದನ್ನು ವಿರೋಧಿಸಿತು. 1996ರ ಜನವರಿ 30ರಂದು ಸಂಘದ ಕಾರ್ಯಕರ್ತರು ಮಳಿಗೆಗೆ ನುಗ್ಗಿದರು. ಬಹುರಾಷ್ಟ್ರೀಯ ಕಂಪನಿ, ಬೇಸಾಯ, ಆರೋಗ್ಯಗಳ ಬಗ್ಗೆ ಆಗ ಎದ್ದ ಪ್ರಶ್ನೆಗಳು ಗಂಭೀರವಾದವು. ಆ ಗದ್ದಲದಲ್ಲಿ ಒಂದು ಸಂಗತಿ ಮರೆಯಾಯಿತು. ಫಾಸ್ಟ್ ಫುಡ್ ಬೆಂಗಳೂರಿಗೆ ಆಗ ಬಂದದ್ದಲ್ಲ. ಹನ್ನೆರಡು ವರ್ಷಗಳಿಂದ ಅದು ಇಡ್ಲಿ ವಡೆಯ ವೇಷದಲ್ಲಿ ಇಲ್ಲಿಯೇ ಇತ್ತು. ಪರದೇಶದ ವಿಧಾನವನ್ನು ತಂದು, ಊರಿನ ಹಿಟ್ಟಿಗೆ, ಊರಿನ ಸೈಟಿಗೆ, ಊರಿನವರ ಜೇಬಿಗೆ ಹೊಂದಿಸಿದ್ದರು.

ಯಾರು ಹೊರಗುಳಿದರು

ಈಗ ನಕ್ಷೆಯ ಇನ್ನೊಂದು ಮಗ್ಗುಲು. ಕುರ್ಚಿ ತೆಗೆದದ್ದರಿಂದ ಒಂದು ಭೇದ ಹೋಯಿತು, ನಿಜ. ಇನ್ನೊಂದು ಭೇದ ಸದ್ದಿಲ್ಲದೆ ಬಂತು. ನಿಲ್ಲಬಲ್ಲವರು ಒಳಗೆ, ನಿಲ್ಲಲಾರದವರು ಹೊರಗೆ. ಮಂಡಿ ನೋವಿನ ಅಜ್ಜಿ, ತುಂಬು ಗರ್ಭಿಣಿ, ಊರುಗೋಲು ಹಿಡಿದವರು, ಗಾಲಿಕುರ್ಚಿಯವರು, ಎದೆಯೆತ್ತರದ ಮೇಜನ್ನು ಮುಟ್ಟಲಾರದ ಮಗು, ಇವರೆಲ್ಲ ದರ್ಶಿನಿಯಲ್ಲಿ ಏನು ಮಾಡಬೇಕು? ಮಗ ಅಥವಾ ಮೊಮ್ಮಗಳು ತಟ್ಟೆ ತಂದುಕೊಟ್ಟರೆ ಕಾರಿನಲ್ಲೋ ಅಂಗಡಿಯ ಮೆಟ್ಟಿಲ ಮೇಲೋ ಕುಳಿತು ತಿನ್ನುತ್ತಾರೆ. ಜೊತೆಗೆ ಯಾರೂ ಇಲ್ಲದವರು ಬರುವುದೇ ಇಲ್ಲ. ಬಾರದವರು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅವರ ಕೊರತೆ ಗಲ್ಲಾದ ಲೆಕ್ಕಕ್ಕೂ ಸಿಗುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಸಾರ್ವಜನಿಕರಿಗೆ ತೆರೆದ ಕಟ್ಟಡಗಳು ಎಲ್ಲರಿಗೂ ಒಳಬರುವಂತಿರಬೇಕೆನ್ನುತ್ತದೆ. ಆದರೆ ಚರಂಡಿಯ ಮೇಲಿನ ಮೂರು ಮೆಟ್ಟಿಲುಗಳು ಆ ಕಾಯಿದೆಯನ್ನು ಓದಿಲ್ಲ.

ನಕ್ಷೆಯಲ್ಲಿ ಜಾಗ ಸಿಗದ ಇನ್ನೊಬ್ಬರೆಂದರೆ ಮೇಜು ಒರೆಸುವವರು, ಪಾತ್ರೆ ತೊಳೆಯುವವರು. ಗಿರಾಕಿ ಹನ್ನೆರಡು ನಿಮಿಷ ನಿಂತರೆ ಕ್ಲೀನರ್ ಹನ್ನೆರಡು ಗಂಟೆಯೂ ನಿಲ್ಲಬೇಕಾದೀತು. ಸಪ್ಲೈಯರ್ ಕೆಲಸ ಹೋಯಿತು; ಆದರೆ ಎಂಜಲೆತ್ತುವ ಕೆಲಸ ಹೋಗಲಿಲ್ಲ, ಆರು ಪಟ್ಟಾಯಿತು. ಅವರು ಬಟ್ಟೆ ಬದಲಿಸಲು, ಊಟ ಮಾಡಲು, ಐದು ನಿಮಿಷ ಕೂರಲು ಒಂದು ಮೂಲೆ ಬೇಕೆಂಬುದು ಚದರ ಅಡಿಯ ಲೆಕ್ಕ ಬಿಗಿಯಾದಾಗ ಮೊದಲು ಬಿಟ್ಟುಹೋಗುವ ವಿಷಯ.

ಸರ್ಕಾರವೇ ಈ ನಕ್ಷೆಯನ್ನು ಕೈಗೆತ್ತಿಕೊಂಡ ಉದಾಹರಣೆಯೂ ಇದೆ. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್‌ಗಳು ಆರಂಭವಾದವು. ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಎಂಬ ದರ. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳಿಗೂ ಒಂದೊಂದು ಎಂಬುದು ಉದ್ದೇಶ. ಬೇರೆಡೆ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳನ್ನು ತಂದು ಜೋಡಿಸಿ, ಕೆಲವೇ ದಿನಗಳಲ್ಲಿ ಕಟ್ಟಡ ನಿಲ್ಲಿಸಿದರು. ಅಡುಗೆ ಬೇರೆ ಕಡೆಯ ದೊಡ್ಡ ಅಡುಗೆಮನೆಗಳಲ್ಲಿ ಆಗಿ ವಾಹನದಲ್ಲಿ ಬರುವುದರಿಂದ ಇಲ್ಲಿ ಒಲೆಯ ಚಿಂತೆ ಕಡಿಮೆ. ಆದರೂ ಎಲ್ಲಕ್ಕಿಂತ ಕಷ್ಟವಾದದ್ದು ನಿವೇಶನ ಹುಡುಕುವುದು. ಉದ್ಯಾನ, ಆಟದ ಮೈದಾನಗಳ ಅಂಚನ್ನು ಬಳಸಿದಲ್ಲಿ ಆಕ್ಷೇಪಗಳೂ ಎದ್ದವು. ತುಂಬಿದ ಊರಿನಲ್ಲಿ ಹಸಿದವನಿಗೆ ಒಂದು ತಟ್ಟೆ ಇಡುವಷ್ಟು ಜಾಗ ಹುಡುಕುವುದು ಎಷ್ಟು ಕಷ್ಟ ಎಂಬುದನ್ನು ಅದು ತೋರಿಸಿತು.

ನಾಲ್ಕು ಜನಕ್ಕೆ ಕೂರುವ ಜಾಗ

ಹಾಗಾದರೆ ತಗಡಿನ ಮರೆಯ ಹಿಂದಿನ ಆ 30-40ರ ಸೈಟಿನಲ್ಲಿ ಏನು ಮಾಡಬಹುದು? ಮತ್ತೆ ಲೆಕ್ಕಕ್ಕೇ ಹೋಗೋಣ. ನಾಲ್ಕು ಜನ ಕುಳಿತು ತಿನ್ನಲು ಜಾಗ ಕೊಟ್ಟರೆ 60 ಚದರ ಅಡಿ ಬೇಕು. ಅಂದರೆ ನಿಂತು ತಿನ್ನುವ ಹತ್ತು ಜನರ ಜಾಗ, ಎಂಬತ್ತರಲ್ಲಿ ಹತ್ತು, ಎಂಟನೆಯ ಒಂದು ಪಾಲು. ಕೇಳಲು ದೊಡ್ಡದು. ಆದರೆ ಹೋಟೆಲು ಪೂರ್ತಿ ತುಂಬುವುದು ಬೆಳಗಿನ ಎರಡು ಗಂಟೆ, ಸಂಜೆಯ ಎರಡು ಗಂಟೆ ಮಾತ್ರ. ಉಳಿದ ಹೊತ್ತಿನಲ್ಲಿ ಆ ಹತ್ತು ಜನರ ಜಾಗ ಹೇಗೂ ಖಾಲಿ. ಗೋಡೆಗೆ ತಾಗಿಸಿದ ಒಂದು ಬೆಂಚು, ಒಂದು ತಗ್ಗು ಮೇಜು, ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರು, ಹಿಂದೆ ಕೆಲಸದವರಿಗೊಂದು ಮೂಲೆ. ಇವಿಷ್ಟನ್ನು ಮೊದಲೇ ನಕ್ಷೆಯಲ್ಲಿ ಸೇರಿಸಿದರೆ ಖರ್ಚು ಅಲ್ಪ. ಕಟ್ಟಡ ಎದ್ದ ಮೇಲೆ ಸೇರಿಸಹೊರಟರೆ ಜಾಗವೇ ಇರುವುದಿಲ್ಲ.

ಮಾಲೀಕನನ್ನು ದೂರುವುದು ಸುಲಭ. ಅವನು ಬಾಡಿಗೆ ಕಟ್ಟಬೇಕು, ಬ್ಯಾಂಕಿನ ಸಾಲ ತೀರಿಸಬೇಕು, ಎದುರು ಸಾಲಿನ ಇನ್ನೊಂದು ದರ್ಶಿನಿಗಿಂತ ಒಂದು ರೂಪಾಯಿ ಕಡಿಮೆಗೆ ಕಾಫಿ ಕೊಡಬೇಕು. ಆದರೆ ಅವನ ಹಿಂದಿನವರು ಇದಕ್ಕಿಂತ ಕಷ್ಟದ ಗೋಡೆಗಳನ್ನು ಕೆಡವಿದ್ದಾರೆ. ಒಳಗಿನ ಕೋಣೆ ಹೊರಗಿನ ಪಡಸಾಲೆಗಳು ಹೋದವು, ಪರದೆ ಹೋಯಿತು, ಅಡುಗೆಮನೆಯ ಬಾಗಿಲು ತೆರೆಯಿತು. ಒಂದೊಂದು ಸಲವೂ ಇದರಿಂದ ವ್ಯಾಪಾರ ಕೆಡುತ್ತದೆಂದು ಹೇಳಿದವರಿದ್ದರು. ವ್ಯಾಪಾರ ಕೆಡಲಿಲ್ಲ, ಬೆಳೆಯಿತು.

ಹೋಟೆಲು ಎಲ್ಲರದು ಎಂದು ಸಂವಿಧಾನ 1950ರಲ್ಲಿಯೇ ಹೇಳಿದೆ. ಆ ಎಲ್ಲರಲ್ಲಿ ನಿಲ್ಲಲಾರದ ಅಜ್ಜಿಯೂ ಸೇರಿದ್ದಾಳೆ. ಮುಂದಿನ ಸಲ ನಿಮ್ಮ ಬೀದಿಯಲ್ಲಿ ತಗಡಿನ ಮರೆ ಬಂದಾಗ, ಒಳಗೆ ಬರುವುದು ಹೋಟೆಲೆಂದು ಗೊತ್ತಾದಾಗ, ದೋಸೆ ಹೇಗಿರುತ್ತದೆ ಎಂದು ಕೇಳುವುದಕ್ಕೆ ಮೊದಲು ಅವಳು ಎಲ್ಲಿ ಕೂರುತ್ತಾಳೆ ಎಂದು ಒಂದು ಮಾತು ಕೇಳಿ. ಗೋಡೆ ಏಳುವ ಮೊದಲು ಕೇಳಿದರೆ ಅದಕ್ಕೆ ಉತ್ತರ ಸಿಗುವ ಸಾಧ್ಯತೆ ಇದೆ.